ಮೆಹರ್ ಆಂಟಿ ಹಿಮ ಅಳೆದ ಚಳಿಗಾಲ

ಹೀಟರಿನ ಜಾಲರಿಯ ಮೇಲೆ ಒದ್ದೆ ಉಣ್ಣೆಯ ಕೈಗವಸು ಒಣಗುವಾಗ ಒಂದು ವಾಸನೆ ಬರುತ್ತದೆ. ಚೆನ್ನಾಗಿದೆ ಅನ್ನುವ ಹಾಗಿಲ್ಲ, ಮೂಗು ಮುಚ್ಚಿಕೊಳ್ಳುವ ಹಾಗೂ ಇಲ್ಲ. ಮೊನ್ನೆ ಇಲ್ಲಿ ನಮ್ಮ ರಾಲಿ ಊರಿನಲ್ಲಿ ಒಂದು ಇಂಚೂ ಇಲ್ಲದ ಹಿಮ ಬಿತ್ತು. ಅಷ್ಟಕ್ಕೇ ಡೇಕೇರ್‌ಗೆ ರಜೆ, ಅಂಗಡಿಗಳಲ್ಲಿ ಹಾಲು ಬ್ರೆಡ್ಡು ಖಾಲಿ. ಮೂರು ವರ್ಷದ ಮಗಳು ಹೊರಗೆ ಕುಣಿದು ಬಂದು ಕೈಗವಸುಗಳನ್ನು ಜಾಲರಿಯ ಮೇಲೆ ಎಸೆದಳು. ಸ್ವಲ್ಪ ಹೊತ್ತಿಗೆ ಆ ವಾಸನೆ ಅಡುಗೆಮನೆಗೆ ಬಂತು. ಒಲೆಯ ಮುಂದೆ ನಿಂತಿದ್ದ ನಾನು ಆ ಹೊತ್ತಿಗೆ ವರ್ಜೀನಿಯಾದ ಶ್ಯಾಂಟಿಲಿಯಲ್ಲಿದ್ದೆ, ಮೆಹರ್ ಆಂಟಿಯ ಮನೆಯಲ್ಲಿ.

ನನ್ನ ಮದುವೆಗೆ ಮುಂಚಿನ ಮಾತು. ಕೋವಿಡ್ ಇಳಿಯುತ್ತಾ ಬಂದಿದ್ದ ಚಳಿಗಾಲ. ಶ್ಯಾಂಟಿಲಿಯ ಪಕ್ಕದ ರೆಸ್ಟನ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಇದ್ದೆ. ಕೆಲಸ ಹತ್ತಿರದ ಒಂದು ಸಣ್ಣ ಕಂಪನಿಯಲ್ಲಿ, ಹಿಮದ ನಕ್ಷೆ ಮಾಡುವುದು. ಮೈಸೂರಿನ ಸರಸ್ವತಿಪುರಂನಲ್ಲಿ ಬೆಳೆದವಳಿಗೆ ಹಿಮ ಯಾಕೆ ಗಂಟುಬಿತ್ತೋ ಗೊತ್ತಿಲ್ಲ. ಉಪಗ್ರಹವೊಂದು ದಿನಾ ಬೆಳಿಗ್ಗೆ ಹತ್ತೂವರೆ ಸುಮಾರಿಗೆ ತಲೆಯ ಮೇಲೆ ಹಾದು ಚಿತ್ರ ತೆಗೆಯುತ್ತಿತ್ತು. ಆ ಚಿತ್ರದಲ್ಲಿ ನೆಲವೆಲ್ಲ ಚೌಕ ಚೌಕ, ಒಂದೊಂದು ಚೌಕವೂ ಅರ್ಧ ಕಿಲೋಮೀಟರ್ ಅಗಲ. ಯಾವ ಚೌಕದಲ್ಲಿ ಹಿಮ ಇದೆ, ಎಷ್ಟು ಭಾಗ ಮುಚ್ಚಿದೆ, ನಿನ್ನೆಗಿಂತ ಇವತ್ತು ಎಷ್ಟು ಸರಿದಿದೆ ಅಂತ ನಮ್ಮ ಪ್ರೋಗ್ರಾಮ್ ಹೇಳಬೇಕು. ಹಿಮ ಕರಗಿದರೆ ನೀರು; ಎಲ್ಲಿ ಎಷ್ಟಿದೆ ಅಂತ ಗೊತ್ತಿದ್ದರೆ ಹೊಳೆ ಯಾವಾಗ ಉಕ್ಕುತ್ತದೆ ಅಂತಲೂ ಗೊತ್ತಾಗುತ್ತದೆ. ನಾನು ಮೂರು ವರ್ಷ ಕೂತಲ್ಲೇ ಸಾವಿರಾರು ಚೌಕಗಳಿಗೆ ಬಣ್ಣ ತುಂಬಿದ್ದೆ. ಅವುಗಳಲ್ಲಿ ಒಂದರಲ್ಲೂ ಹೋಗಿ ನಿಂತಿರಲಿಲ್ಲ.

ಆ ವರ್ಷ ಕುತ್ತಿಗೆಗೆ ಬಂದಿತ್ತು. ದೊಡ್ಡ ಬೆಟ್ಟಗಳ ಮೇಲೆ ನಮ್ಮ ನಕ್ಷೆ ಸರಿಯಾಗೇ ಇತ್ತು. ಮರ, ಮನೆ, ಪಾರ್ಕಿಂಗ್ ಲಾಟ್ ಎಲ್ಲ ಕಲಸಿಕೊಂಡಿರುವ ನಮ್ಮಂಥ ಊರಿನಲ್ಲೂ ಅದು ನೆಲದ ಅಳತೆಗೆ ತಾಳೆಯಾಗುತ್ತದೆ ಅಂತ ಮಾರ್ಚ್‌ನಲ್ಲಿ ತೋರಿಸಬೇಕಿತ್ತು. ತೋರಿಸಿದರೆ ಪ್ರಾಜೆಕ್ಟ್ ಮುಂದುವರಿಯುತ್ತದೆ. ಇಲ್ಲದಿದ್ದರೆ ಮುಚ್ಚುತ್ತದೆ, ನನ್ನ ಕೆಲಸ ಹೋಗುತ್ತದೆ. ಕೆಲಸ ಹೋದರೆ ವೀಸಾಕ್ಕೆ ಅರವತ್ತು ದಿನ, ಅಷ್ಟರಲ್ಲಿ ಬೇರೆ ಕೆಲಸ ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕು. ಈ ಅರವತ್ತು ಅನ್ನುವ ಅಂಕಿ ಆ ಚಳಿಗಾಲವೆಲ್ಲ ನನ್ನ ಜೊತೆಗೇ ಊಟ ಮಾಡಿತು, ಮಲಗಿತು.

ನೆಲದ ಅಳತೆ ತರುವುದು ಎಲ್ಲಿಂದ? ಇಲ್ಲಿ ಸ್ವಯಂಸೇವಕರ ಒಂದು ಬಳಗವಿದೆ. ತಮ್ಮ ತಮ್ಮ ಹಿತ್ತಲಿನಲ್ಲಿ ದಿನಾ ಬೆಳಿಗ್ಗೆ ಮಳೆ, ಹಿಮ ಅಳೆದು ಆನ್‌ಲೈನಿನಲ್ಲಿ ತುಂಬುವ ಜನ. ನಾವು ಪರೀಕ್ಷೆಗೆ ಆರಿಸಿಕೊಂಡ ಶ್ಯಾಂಟಿಲಿಯ ಚೌಕದಲ್ಲಿ ಅಂಥ ಒಂದೇ ಒಂದು ಚುಕ್ಕೆ ಇತ್ತು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ತಪ್ಪದ ದಾಖಲೆ. ರಿಟೈರ್ ಆದ ಯಾರೋ ಬಿಳಿಯ ಅಜ್ಜ ಇರಬೇಕು ಅಂದುಕೊಂಡು ತುಂಬಾ ಮರ್ಯಾದೆಯಿಂದ ಇಮೇಲ್ ಬರೆದೆ. ಅರ್ಧ ಗಂಟೆಯಲ್ಲಿ ಫೋನ್ ಬಂತು.

"ಹಲೋ, ವಿದ್ಯಾನಾ? ನಿಮ್ಮ ಹೆಸರು ನೋಡ್ದೆ. ಮೈಸೂರಾ, ಬೆಂಗಳೂರಾ?"

ಮೆಹರುನ್ನೀಸಾ, ನಮ್ಮ ಮೈಸೂರಿನದೇ ಮಂಡಿ ಮೊಹಲ್ಲಾದವರು. ಇಲ್ಲಿ ಒಂದು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ವಯಸ್ಸು ಐವತ್ತೈದರ ಆಚೀಚೆ. ಮೊದಲ ಸಲ ಮನೆಗೆ ಹೋದಾಗ ನಾನು ಕೇಳಿದ್ದೇ ಅದು, ಯಾಕೆ ಆಂಟಿ ಈ ಉಸಾಬರಿ ಅಂತ. ಅವರು ನಕ್ಕರು.

"ಅಂಗಡೀಲಿ ದಿನವೆಲ್ಲ ಬೇರೆಯೋರ ಚೀಟಿ ನೋಡಿ ಅಳೆದು ಕೊಡ್ತೀನಿ. ಇದೊಂದು ಯಾರ ಚೀಟೀನೂ ಇಲ್ದೆ ನಾನೇ ಅಳೆಯೋದು."

ಟೌನ್‌ಹೌಸಿನ ಹಿಂದೆ ಒಂದು ಕರವಸ್ತ್ರದಷ್ಟು ಹುಲ್ಲು. ಅದರ ನಟ್ಟನಡುವೆ ಬಿಳಿ ಬಣ್ಣ ಬಳಿದ ಎರಡಡಿ ಚೌಕದ ಪ್ಲೈವುಡ್ ಹಲಗೆ, ಪಕ್ಕದಲ್ಲಿ ಗುರುತಿಗೆ ಒಂದು ಪುಟ್ಟ ಕಿತ್ತಳೆ ಬಾವುಟ. ಹಿಮ ಬೀಳುವುದು ಆ ಹಲಗೆಯ ಮೇಲೆ. ಬೆಳಿಗ್ಗೆ ಏಳಕ್ಕೆ ಸ್ಕೇಲು ನಿಲ್ಲಿಸಿ ಎತ್ತರ ನೋಡಬೇಕು. ಆಮೇಲೆ ಒಂದು ಕೊಳವೆಯನ್ನು ಹಿಮದೊಳಗೆ ಬೋರಲು ಒತ್ತಿ, ಕೆಳಗೆ ತೆಳ್ಳಗಿನದೇನನ್ನಾದರೂ ತೂರಿಸಿ ಎತ್ತಿಕೊಳ್ಳಬೇಕು. ಆಂಟಿ ದೋಸೆ ಮಗುಚುವ ಕೈ ಬಳಸುತ್ತಿದ್ದರು. ಒಳಗೆ ತಂದು ಆ ಕೊಳವೆಯನ್ನು ಬಿಸಿನೀರಿನ ಡೇಗ್ಚಿಯಲ್ಲಿ ನಿಲ್ಲಿಸಿ ಕರಗಿಸುವುದು. ಒಲೆಯ ಮೇಲಿಟ್ಟರೆ ಬೇಗ ಆಗುತ್ತಲ್ಲ ಅಂದೆ. "ಆವಿಯಾಗಿ ಹೋದ ನೀರನ್ನ ಯಾರಮ್ಮ ವಾಪಸ್ ತರ್ತಾರೆ?" ಅಂದರು. ಕರಗಿದ ನೀರು ಎಷ್ಟು ಅಂತ ನೋಡುವಾಗ ಅಡುಗೆಕಟ್ಟೆಗೆ ಗಲ್ಲ ತಾಗುವಷ್ಟು ಬಗ್ಗಿ, ಒಂದು ಕಣ್ಣು ಮುಚ್ಚಿ, ಉಸಿರು ಹಿಡಿದು ಓದುತ್ತಿದ್ದರು.

ಆ ಡಿಸೆಂಬರಿನಲ್ಲಿ ಹಿಮವೇ ಬೀಳಲಿಲ್ಲ. ನಾನು ಕೂತು ಒದ್ದಾಡುತ್ತಿದ್ದರೆ ಆಂಟಿ ದಿನಾ ಏಳಕ್ಕೆ ಹೊರಗೆ ಹೋಗಿ, ಒಣ ಹಲಗೆ ನೋಡಿ, ಒಳಗೆ ಬಂದು ಸೊನ್ನೆ ತುಂಬುತ್ತಿದ್ದರು. ಬಿಸಿಲು ಹೊಡೆಯುತ್ತಿದೆ, ಕಿಟಕಿಯಿಂದಲೇ ಕಾಣುತ್ತದೆ, ಅದಕ್ಕೂ ಹೊರಗೆ ಹೋಗಬೇಕಾ ಅಂತ ರೇಗಿಸಿದೆ.

"ಸೊನ್ನೆ ಅಂದ್ರೆ ನಾನು ಹೋಗಿ ನೋಡ್ದೆ, ಇರ್ಲಿಲ್ಲ ಅಂತ," ಅಂದರು. "ಖಾಲಿ ಬಿಟ್ರೆ ನಾನು ನೋಡ್ಲೇ ಇಲ್ಲ ಅಂತ. ಎರಡೂ ಒಂದೇನಾ?"

ನನ್ನ ಕೆಲಸದಲ್ಲಿ ಎರಡನ್ನೂ ಎಷ್ಟು ಸಲ ಒಂದೇ ಮಾಡಿದ್ದೆನೋ.

ಜನವರಿಯಲ್ಲಿ ಕೊನೆಗೂ ದೊಡ್ಡ ಹಿಮದ ಮುನ್ಸೂಚನೆ ಬಂತು. ಹಗಲೆಲ್ಲ ಬಿದ್ದು ರಾತ್ರಿ ನಿಲ್ಲುತ್ತದೆ, ಮಾರನೆಯ ಬೆಳಿಗ್ಗೆ ಆಕಾಶ ಸ್ವಚ್ಛ. ನಮಗೆ ಬೇಕಿದ್ದದ್ದೇ ಅದು. ಮೋಡವಿದ್ದರೆ ಉಪಗ್ರಹಕ್ಕೆ ಕಣ್ಣು ಕಾಣುವುದಿಲ್ಲ. ಹಿಮ ಬಿದ್ದ ಮರುದಿನವೇ ಬಿಸಿಲು ಅನ್ನುವುದು ಈ ಊರಿನಲ್ಲಿ ವರ್ಷಕ್ಕೊಮ್ಮೆ ಸಿಕ್ಕರೆ ಪುಣ್ಯ. ಆ ಬೆಳಗಿನ ಆಂಟಿಯ ಅಳತೆ ಮತ್ತು ಅವತ್ತಿನ ಚಿತ್ರ, ಇವೆರಡನ್ನು ಪಕ್ಕಪಕ್ಕ ಇಟ್ಟರೆ ನನ್ನ ಮಾರ್ಚ್ ಮೀಟಿಂಗಿನ ಮುಖ್ಯ ಸ್ಲೈಡ್ ಸಿದ್ಧ. ರಸ್ತೆ ಮುಚ್ಚುತ್ತದೆ ಅಂತ ನಾನು ಹಿಮ ಶುರುವಾಗುವ ಮೊದಲೇ ಆಂಟಿಯ ಮನೆಗೆ ಬಂದುಬಿಟ್ಟೆ. ಗಂಡ ಇಕ್ಬಾಲ್ ಅಂಕಲ್ ಕೆಲಸದ ಮೇಲೆ ಅಟ್ಲಾಂಟಾಕ್ಕೆ ಹೋಗಿದ್ದರು. ಮನೆಯಲ್ಲಿ ಆಂಟಿ, ಹೈಸ್ಕೂಲಿನ ಮಗಳು ಸನಾ, ನಾನು. ಖೀಮಾ ಅವರಿಬ್ಬರಿಗೆ, ನನಗೆಂದು ಬೇರೆ ಪಾತ್ರೆಯಲ್ಲಿ ಬದನೆಕಾಯಿ ಬಘಾರ.

ಹಿಮ ನಿಂತ ಮರುದಿನ ಬೆಳಿಗ್ಗೆ ಆರಕ್ಕೇ ಎಚ್ಚರವಾಯಿತು. ಆಂಟಿ ಮಹಡಿಯಲ್ಲಿ ನಮಾಜಿಗೆ ನಿಂತಿದ್ದರು. ನೆಂಟರ ಮನೆಯಲ್ಲಿ ಹಿರಿಯರು ಏಳುವ ಮೊದಲು ಎದ್ದು ಪೊರಕೆ ಹಿಡಿಯುವ ಹುಡುಗಿಯೇ ಒಳ್ಳೆಯ ಹುಡುಗಿ ಅಂತ ಕೇಳುತ್ತ ಬೆಳೆದವಳು ನಾನು. ಹಿತ್ತಲ ಬಾಗಿಲು ತೆಗೆದೆ. ಹೊರಗಿನ ದೀಪದಲ್ಲಿ ಎಲ್ಲ ಒಂದೇ ಸಮ, ಬೆಳ್ಳಗೆ, ಮೆಟ್ಟಿಲೂ ಕಾಣದ ಹಾಗೆ. ಈ ವಯಸ್ಸಿನಲ್ಲಿ ಆಂಟಿ ಇದರಲ್ಲಿ ಕಾಲು ಹೂತು ಹೋಗಬೇಕಲ್ಲ, ಹಲಗೆಯ ತನಕ ಒಂದು ದಾರಿ ಮಾಡಿಬಿಡೋಣ ಅಂತ ಸಲಿಕೆ ತೆಗೆದುಕೊಂಡೆ. ಕಿತ್ತಳೆ ಬಾವುಟ ಕಾಣಲಿಲ್ಲ, ಇನ್ನೂ ಮುಂದಿರಬೇಕು ಅಂದುಕೊಂಡೆ. ತೆಗೆದ ಹಿಮವನ್ನು ಎಡಕ್ಕೊಂದು ಬಲಕ್ಕೊಂದು ಎಸೆಯುತ್ತಾ ಉತ್ಸಾಹದಿಂದ ಮುಂದೆ ಹೋದೆ. ಮೈ ಬೆಚ್ಚಗಾಗಿ ಹಾಡೂ ಗುನುಗುತ್ತಿದ್ದೆ ಅಂತ ನೆನಪು.

ಸಲಿಕೆ ಠಕ್ಕೆಂದಿತು. ಮರದ ಸದ್ದು.

ಬಗ್ಗಿ ನೋಡಿದೆ. ಬಿಳಿ ಹಲಗೆ, ಅರ್ಧಕ್ಕಿಂತ ಹೆಚ್ಚು ಬೋಳು. ಉಳಿದರ್ಧದ ಮೇಲೆ ನಾನೇ ಎಸೆದ ಗುಡ್ಡೆ. ಸುತ್ತ ಆ ಪುಟ್ಟ ಹಿತ್ತಲಲ್ಲಿ ನಾನು ಕೆದಕದ ಅಥವಾ ಮೇಲೆ ಸುರಿಯದ ಜಾಗವೇ ಇರಲಿಲ್ಲ. ಸಲಿಕೆ ಹಿಡಿದುಕೊಂಡು ಅಲ್ಲೇ ನಿಂತಿದ್ದಾಗ ಆಂಟಿ ಸ್ಕೇಲು, ಕೊಳವೆ, ದೋಸೆಯ ಕೈ ಹಿಡಿದು ಬಾಗಿಲಿಗೆ ಬಂದರು. ನಾನು ಮಾಡಿದ ದಾರಿಯಲ್ಲೇ ನಡೆದು ಬಂದು ಹಲಗೆ ನೋಡಿದರು. ಬಾವುಟ ಕಾಣಲೇ ಇಲ್ಲ ಅಂತ ನಾನು ಹೇಳುತ್ತಿದ್ದಂತೆ ಹಿಮದೊಳಗೆ ಕೈಯಾಡಿಸಿ ಅದನ್ನು ಹುಡುಕಿ, ಕೋಲಿನ ಪಕ್ಕ ಸ್ಕೇಲು ಹಿಡಿದರು. ಹಿಂದಿನಿಂದ ಸನಾ ಇಣುಕಿ, "ಓ ನೋ. ವಿದ್ಯಾ ಆಂಟಿ, ನೀವು ಏನು ಮಾಡಿದ್ರಿ? ಅಮ್ಮಿ ನೆವರ್ ಮಿಸ್ಡ್ ಎ ಡೇ. ನಾನು ಹಾಸ್ಪಿಟಲ್‌ನಲ್ಲಿ ಇದ್ದಾಗ ಕೂಡ," ಅಂದಳು.

"ಸನಾ, ಒಳಗೆ ಹೋಗಿ ಚಾಯ್‌ಗೆ ನೀರಿಡು," ಅಂದರು ಆಂಟಿ.

ಅಡುಗೆಮನೆಗೆ ಬಂದೆವು. ಆಂಟಿ ಲ್ಯಾಪ್‌ಟಾಪ್ ತೆಗೆದು ಆ ದಿನದ ಫಾರ್ಮ್ ಮುಂದೆ ಕೂತರು. ನನಗೆ ತಡೆಯಲಾಗಲಿಲ್ಲ.

"ಆಂಟಿ, ಏಳು ಇಂಚು ಅಂತ ಹಾಕಿಬಿಡಿ. ಪಕ್ಕದ ಏರ್‌ಪೋರ್ಟ್ ಅಳತೇನೂ ಅಷ್ಟೇ ಇದೆ, ಈಗ ನೋಡ್ದೆ. ಹೆಚ್ಚು ಕಮ್ಮಿ ಇಲ್ಲೂ ಅಷ್ಟೇ ಬಿದ್ದಿರತ್ತೆ."

"ಅಲ್ಲಿ ಬಿದ್ದಿದ್ದು ಅಲ್ಲಿಗಾಯ್ತು. ನನ್ನ ಹಲಗೆ ಮೇಲೆ ಎಷ್ಟು ಬಿತ್ತು ಅಂತ ಈಗ ನಂಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ."

"ನಿಮ್ಮ ಹನ್ನೊಂದು ವರ್ಷದ ರೆಕಾರ್ಡ್..."

"ಹೋಯ್ತು." ಅಂಕಿ ಬರೆಯುವ ಜಾಗದಲ್ಲಿ, ಅಳತೆ ಇಲ್ಲ ಅನ್ನುವ ಗುರುತು ಹಾಕಿದರು. ಆಮೇಲೆ ಕೆಳಗೆ ಇನ್ನೇನನ್ನೋ ಟೈಪ್ ಮಾಡಿದರು. ಓದುವ ಧೈರ್ಯ ನನಗಿರಲಿಲ್ಲ. ಹೆಸರಿನ ಸಮೇತ ನನ್ನ ಘನಕಾರ್ಯ ಅಲ್ಲಿ ದಾಖಲಾಯಿತು ಅಂತಲೇ ಅಂದುಕೊಂಡೆ.

ನಾನು ಅತ್ತುಬಿಟ್ಟೆ. ಪ್ರಾಜೆಕ್ಟಿನ ವಿಷಯ ಅವರಿಗೆ ಗೊತ್ತಿತ್ತು, ವೀಸಾದ ವಿಷಯ ಬಾಯಿಬಿಟ್ಟಿರಲಿಲ್ಲ. "ಪ್ರಾಜೆಕ್ಟ್ ನಿಂತ್ರೆ ನಂಗೆ ಅರವತ್ತೇ ದಿನ ಆಂಟಿ. ಇವತ್ತಿನ ನಂಬರ್ ಒಂದೇ ಇದ್ದಿದ್ದು ನಂಗೆ. ಅದನ್ನೂ ನಾನೇ ಕೈಯಾರೆ..."

ಆಂಟಿ ಲೋಟ ಮುಂದಿಟ್ಟು ನನ್ನ ಮುಖ ನೋಡಿದರು. "ನಿಮ್ಮ ಸ್ಯಾಟಲೈಟ್ ಎಷ್ಟೊತ್ತಿಗೆ ಬರತ್ತೆ?"

"ಹತ್ತೂವರೆಗೆ."

"ಅದು ಬರೀ ನನ್ನ ಹಲಗೆ ನೋಡತ್ತಾ?"

"ಇಲ್ಲ, ಇಡೀ ಚೌಕ. ಅರ್ಧ ಕಿಲೋಮೀಟರ್."

"ಮತ್ತೆ ಅಳ್ತಾ ಕೂತ್ಕೊಂಡ್ರೆ ಆಗತ್ತಾ? ಚಾಯ್ ಕುಡಿ, ಬೂಟ್ ಹಾಕ್ಕೊ. ನಮ್ಮ ಅಂಗಡಿ ಇವತ್ತು ಹನ್ನೆರಡಕ್ಕೆ ತೆಗೆಯೋದು."

ಆ ಬೆಳಗನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಫೋನಿನಲ್ಲಿ ಚೌಕದ ನಾಲ್ಕು ಮೂಲೆ ಗುರುತು ಮಾಡಿಕೊಂಡೆ. ಮುಂದೆ ಆಂಟಿ, ಹಿಂದೆ ನಾನು. ಅವರ ತಲೆಯ ಮೇಲೆ ಸ್ಕಾರ್ಫು, ಅದರ ಮೇಲೆ ಅಂಕಲ್ಲಿನ ದೊಡ್ಡ ಟೋಪಿ. ಮೊದಲು ಆಟದ ಮೈದಾನದ ಅಂಚಿಗೆ ಹೋದೆವು. ಎದುರಿಗೆ ಸಕ್ಕರೆ ಸುರಿದ ಹಾಗೆ ನುಣ್ಣಗಿನ ಜಾಗ, ನಾನು ಅಲ್ಲಿಗೇ ಓಡಿದೆ.

"ಏಯ್, ನಿಲ್ಲು," ಅಂದರು. "ಕಣ್ಣು ಯಾವಾಗ್ಲೂ ಚೆನ್ನಾಗಿರೋ ಜಾಗಕ್ಕೇ ಹೋಗತ್ತೆ. ಹತ್ತು ಹೆಜ್ಜೆ ಎಣಿಸು, ಕಾಲು ಎಲ್ಲಿ ನಿಲ್ಲತ್ತೋ ಅಲ್ಲೇ ಅಳೆ. ಅದು ಕೊಚ್ಚೆಯಾಗಿರ್ಲಿ, ನಾಯಿ ಓಡಾಡಿರ್ಲಿ."

ಹಾಗೇ ಮಾಡಿದೆವು. ಹತ್ತು ಹೆಜ್ಜೆ, ಸ್ಕೇಲು, ಅಂಕಿ. ಹತ್ತು ಹೆಜ್ಜೆ, ಸ್ಕೇಲು, ಅಂಕಿ. ಮೈದಾನದಲ್ಲಿ ಏಳು, ಏಳೂವರೆ. ಕೊಳದ ಏರಿಯ ಮೇಲೆ ಗಾಳಿ ಹಿಮವನ್ನೆಲ್ಲ ಗುಡಿಸಿ ಹಾಕಿತ್ತು, ಅಲ್ಲಿ ಒಂದೇ ಇಂಚು. ಅದೇ ಏರಿಯ ಕೆಳಗೆ, ಇಪ್ಪತ್ತು ಹೆಜ್ಜೆ ಆಚೆ, ಬೇಲಿಗೆ ಒರಗಿಕೊಂಡು ಹನ್ನೆರಡು. ಚರ್ಚಿನ ಪಾರ್ಕಿಂಗ್ ಲಾಟಿನಲ್ಲಿ ಆಗಲೇ ಲಾರಿ ಬಂದು ಗುಡಿಸಿ ಹೋಗಿತ್ತು, ಅಲ್ಲಿ ಸೊನ್ನೆ. ಆ ಸೊನ್ನೆಯನ್ನೂ ಆಂಟಿ ಬಗ್ಗಿ, ಡಾಂಬರಿನ ಮೇಲೆ ಸ್ಕೇಲು ನಿಲ್ಲಿಸಿಯೇ ಓದಿದರು. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಬಿಸಿಲು ಬೀಳುತ್ತಿದ್ದಂತೆ ಹಿಮ ಕುಗ್ಗುವುದು ಕಣ್ಣಿಗೇ ಕಾಣುತ್ತಿತ್ತು. ನಾನು ಮೂರು ವರ್ಷದಿಂದ ಒಂದೇ ಬಣ್ಣ ಬಳಿಯುತ್ತಿದ್ದ ಒಂದು ಚೌಕದೊಳಗೆ ಇಷ್ಟೆಲ್ಲ ಇತ್ತು.

ಉಪಗ್ರಹ ಹಾದುಹೋಗುವ ಹೊತ್ತಿಗೆ ನಾವು ಪೈನ್ ಮರಗಳ ತೋಪಿನೊಳಗಿದ್ದೆವು. ಮೇಲೆ ಕಡುಹಸಿರು ಕೊಂಬೆಗಳು ಒಂದಕ್ಕೊಂದು ಹೆಣೆದುಕೊಂಡು ಆಕಾಶವೇ ಕಾಣುತ್ತಿರಲಿಲ್ಲ. ಆಂಟಿ ಮಂಡಿಯೂರಿ ಸ್ಕೇಲು ಚುಚ್ಚುತ್ತಿದ್ದರು. ಕೊಂಬೆಯಿಂದ ಒಂದು ಮುದ್ದೆ ಹಿಮ ಜಾರಿ ಅವರ ಕುತ್ತಿಗೆಯೊಳಗೆ ಬಿತ್ತು. "ಯಾ ಅಲ್ಲಾ!" ಅಂತ ಕಿರುಚಿದರು, ಆದರೆ ಸ್ಕೇಲು ಹಿಡಿದ ಕೈ ಅಲ್ಲಾಡಲಿಲ್ಲ. "ಐದು. ಬರ್ಕೊ."

ನನಗೆ ಅಲ್ಲಿ ಹೊಳೆಯಿತು. ಮೇಲಿನಿಂದ ನೋಡುವ ಕಣ್ಣಿಗೆ ಈ ತೋಪು ಕಪ್ಪು ಹಸಿರು ಅಷ್ಟೇ. ಕೆಳಗೆ ಐದು ಇಂಚು ಹಿಮ ಇದೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಮನೆಗೆ ಬರುವಷ್ಟರಲ್ಲಿ ಪುಸ್ತಕದಲ್ಲಿ ನಲವತ್ತೊಂದು ಅಂಕಿಗಳಿದ್ದವು. ಬೆರಳುಗಳಿಗೆ ಜೀವವಿರಲಿಲ್ಲ. ಆಂಟಿ ನಮ್ಮಿಬ್ಬರ ಕೈಗವಸುಗಳನ್ನು ಹೀಟರಿನ ಜಾಲರಿಯ ಮೇಲೆ ಹರಡಿ, ಬಟ್ಟೆ ಬದಲಾಯಿಸಿ, ಸೀದಾ ಅಂಗಡಿಗೆ ಹೋದರು.

ಆಮೇಲಿನ ಎರಡು ವಾರ ಕೆಲಸ ಮುಗಿಸಿ ದಿನಾ ಹೋಗಿ ಅದೇ ಜಾಗಗಳಲ್ಲಿ ಅಳೆದೆ. ಹಿಮ ಹೇಗೆ ಬರುತ್ತದೆ ಅಂತ ಎಲ್ಲರೂ ನೋಡುತ್ತಾರೆ, ಹೇಗೆ ಹೋಗುತ್ತದೆ ಅಂತ ನಾನು ನೋಡಿದ್ದು ಆಗಲೇ. ಇಳಿಜಾರು ಎರಡೇ ದಿನಕ್ಕೆ ಬೋಳಾಯಿತು, ಮೈದಾನ ಒಂದು ವಾರಕ್ಕೆ. ಪೈನ್ ತೋಪಿನ ನೆರಳಲ್ಲಿ ಕೊನೆಯ ತನಕ ಇತ್ತು, ಮೇಲೆಲ್ಲ ಕಂದು ಸೂಜಿ ಎಲೆಗಳು ಉದುರಿ ಹಿಮ ಅಂತ ಗೊತ್ತೂ ಆಗದ ಹಾಗೆ. ನಮ್ಮ ನಕ್ಷೆ ಮಾತ್ರ ಮೊದಲ ದಿನದಿಂದಲೂ ಆ ತೋಪನ್ನು ಖಾಲಿ ನೆಲ ಅನ್ನುತ್ತಲೇ ಇತ್ತು.

ಮ್ಯಾನೇಜರ್ ಗ್ರೆಗ್ ಒಳ್ಳೆಯ ಮನುಷ್ಯ. ಅಂಕಿಗಳನ್ನೆಲ್ಲ ನೋಡಿ, ತೋಪಿನವನ್ನು ಬಿಟ್ಟುಬಿಡು ಅಂದ. ಬಯಲು ನೆಲಕ್ಕೆ ಮಾತ್ರ ಅಂತ ಒಂದು ಸಾಲು ಸೇರಿಸಿದರೆ ಸುಳ್ಳೇನೂ ಆಗುವುದಿಲ್ಲ, ನಕ್ಷೆ ತಾಳೆಯಾಗುತ್ತದೆ, ಎಲ್ಲರ ಕೆಲಸ ಉಳಿಯುತ್ತದೆ. ಎರಡು ದಿನ ನನ್ನ ಸ್ಲೈಡಿನಲ್ಲಿ ತೋಪು ಇರಲಿಲ್ಲ. ದೊಡ್ಡ ಸತ್ಯವಂತೆ ಅಂತ ಹೇಳಿಕೊಳ್ಳುವುದಿಲ್ಲ. ಎರಡು ದಿನ ಹಾಯಾಗಿ ನಿದ್ದೆ ಮಾಡಿದೆ. ಮೂರನೆಯ ದಿನ ತೋಪಿನಲ್ಲಿ ಅಳೆದ ಹನ್ನೆರಡು ಅಂಕಿಗಳನ್ನೂ ವಾಪಸ್ ಹಾಕಿದೆ. ಕಾರಣ ಇಷ್ಟೇ: ಕುತ್ತಿಗೆಯೊಳಗೆ ಹಿಮ ಬಿದ್ದರೂ ಕೈ ಅಲ್ಲಾಡಿಸದ ಹೆಂಗಸಿಗೆ, ನಿಮ್ಮ ಐದನ್ನು ನಾನು ಅಳಿಸಿದೆ ಆಂಟಿ ಅಂತ ಹೇಳುವ ಮುಖ ನನಗಿರಲಿಲ್ಲ.

ಮೀಟಿಂಗಿನಲ್ಲಿ ನಕ್ಷೆ ಎಲ್ಲೆಲ್ಲಿ ಸರಿ ಇದೆ ಅಂತ ತೋರಿಸಿದೆ, ಎಲ್ಲಿ ತಪ್ಪಿದೆ ಅಂತಲೂ. ಗ್ರಾಹಕರ ಕಡೆಯ ಒಬ್ಬ ಹೆಂಗಸು ತೋಪಿನ ಅಂಕಿಗಳನ್ನು ಬಹಳ ಹೊತ್ತು ನೋಡಿ, ಇವನ್ನು ಅಳೆದವರು ಯಾರು ಅಂತ ಕೇಳಿದಳು. ಒಬ್ಬರು ಫಾರ್ಮಸಿಸ್ಟ್ ಅಂದೆ. ಅವಳು ನಗಲಿಲ್ಲ, ಬರೆದುಕೊಂಡಳು. ಮೂರು ವಾರದ ಮೇಲೆ ಉತ್ತರ ಬಂತು. ಪ್ರಾಜೆಕ್ಟ್ ಇನ್ನೊಂದು ವರ್ಷ ನಡೆಯುತ್ತದೆ, ಮರಗಳ ಕೆಳಗಿನ ತಪ್ಪು ಸರಿ ಮಾಡುವುದಕ್ಕೆ ಮಾತ್ರ, ಇಬ್ಬರು ಸಾಕು. ನಾವಿದ್ದದ್ದು ಐದು ಜನ. ಉಳಿದ ಇಬ್ಬರಲ್ಲಿ ನಾನೊಬ್ಬಳು. ಗ್ರೆಗ್ ಬೇರೆ ಕಡೆ ಹೋದ, ಹೋಗುವಾಗ ನನ್ನ ಕೈ ಕುಲುಕಿದ. ಅದು ಈಗಲೂ ಸ್ವಲ್ಪ ಚುಚ್ಚುತ್ತದೆ.

ಕಾರಿನಿಂದಲೇ ಆಂಟಿಗೆ ಫೋನ್ ಮಾಡಿ ಕೂಗಿದೆ.

"ಮಾಷಾ ಅಲ್ಲಾ. ಆ ಮರದ ಕೆಳಗಿನ ತಪ್ಪು ಸರಿ ಮಾಡಿದ್ಯಾ?"

"ಈಗ ತಾನೆ ಟೈಮ್ ಸಿಕ್ಕಿದೆ ಆಂಟಿ, ಇನ್ನು ಮಾಡ್ಬೇಕು."

"ಮೊದ್ಲು ಅದು ಮಾಡು. ಆಮೇಲೆ ಬಾ, ಬಿರಿಯಾನಿ ಮಾಡ್ತೀನಿ. ನಿಂದು ವೆಜ್ಜೇ."

ಅದೇ ವರ್ಷ ಮದುವೆಯಾಗಿ, ಪ್ರಾಜೆಕ್ಟ್ ಮುಗಿದ ಮೇಲೆ ರಾಲಿಗೆ ಬಂದೆ. ಇಲ್ಲೂ ಅದೇ ಕಸುಬು. ಆಂಟಿಯ ಜೊತೆ ಹಬ್ಬಕ್ಕೆ ಈದಿಗೆ ಮಾತು. ಹೋದ ವರ್ಷ ಇಲ್ಲಿನ ಒಬ್ಬ ಸಹೋದ್ಯೋಗಿಗೆ ಆ ಶ್ಯಾಂಟಿಲಿ ಚೌಕದ ಹಳೆಯ ದಾಖಲೆ ಪೂರ್ತಿ ಬೇಕಾಯಿತು. ಸ್ವಯಂಸೇವಕರ ತಾಣದಿಂದ ಎಲ್ಲವನ್ನೂ ಇಳಿಸಿದೆ. ನಮ್ಮ ಕಸುಬಿನವರು ಅಂಕಿಗಳ ಕಾಲಂ ಇಟ್ಟುಕೊಂಡು, ಟಿಪ್ಪಣಿಯ ಕಾಲಂ ಎಸೆಯುತ್ತೇವೆ; ಪ್ರೋಗ್ರಾಮಿಗೆ ಮಾತು ಅರ್ಥವಾಗುವುದಿಲ್ಲ. ಅವತ್ತು ಎಸೆಯುವ ಮುಂಚೆ ಆ ಜನವರಿಯ ಸಾಲಿಗೆ ಹೋದೆ. ನನ್ನ ಹೆಸರು ಹೇಗೆ ಬರೆದಿದ್ದಾರೋ ನೋಡಿಬಿಡೋಣ ಅನ್ನಿಸಿತು.

ಇಂಗ್ಲಿಷಿನಲ್ಲಿ ಐದು ಪುಟ್ಟ ವಾಕ್ಯಗಳಿದ್ದವು. "ಏಳಕ್ಕೆ ಮುಂಚೆಯೇ ಹಲಗೆಯ ಹಿಮ ಕೆದಕಿಹೋಗಿದೆ, ಅಳತೆ ಸಾಧ್ಯವಿಲ್ಲ. ಬಾವುಟದ ಕೋಲು ಗಿಡ್ಡವಾಗಿತ್ತು, ತಪ್ಪು ಅಳೆಯುವವಳದು. ಕೋಲು ಈಗ ಅಳೆದೆ, ಐದೂವರೆ ಇಂಚು. ಅದು ಪೂರ್ತಿ ಮುಳುಗಿತ್ತು, ಆದ್ದರಿಂದ ಹಿಮ ಅದಕ್ಕಿಂತ ಹೆಚ್ಚು. ನಾಳೆಯಿಂದ ಉದ್ದದ ಕೋಲು."

ಮತ್ತೆ ಮತ್ತೆ ಓದಿದೆ. ನನ್ನ ಹೆಸರೂ ಇಲ್ಲ, ಮನೆಗೆ ಬಂದ ಅತಿಥಿ ಅನ್ನುವ ಮಾತೂ ಇಲ್ಲ. ಅವತ್ತು ನಾನು ಓದುವ ಧೈರ್ಯವಿಲ್ಲದೆ ನಿಂತಿದ್ದಾಗ ಅವರು ಎದುರಿಗೇ ಕೂತು ಬರೆದದ್ದು ಇದು. ತಡೆಯಲಾರದೆ ಫೋನ್ ಮಾಡಿದೆ. ಆಂಟಿ ಅಂಗಡಿಯಲ್ಲಿದ್ದರು, ಹಿಂದೆ ಯಾರೋ ಮಾತ್ರೆಯ ಡಬ್ಬಿ ಅಲ್ಲಾಡಿಸುವ ಸದ್ದು.

"ಆಂಟಿ, ಆವತ್ತು ಹಲಗೆ ಹಾಳು ಮಾಡಿದ್ದು ನಾನು. ನಿಮ್ಮ ತಪ್ಪು ಅಂತ ಯಾಕೆ ಬರೆದ್ರಿ?"

ಅವರಿಗೆ ಯಾವತ್ತಿನ ಮಾತು ಅಂತ ನೆನಪಾಗುವುದಕ್ಕೇ ಸ್ವಲ್ಪ ಹೊತ್ತು ಹಿಡಿಯಿತು.

"ಮತ್ತೆ ಇನ್ನೇನು ಬರೀಲಿ?" ಅಂದರು. "ನೀನು ನಂಗೆ ದಾರಿ ಮಾಡ್ತಿದ್ದೆ. ಬಾವುಟ ನೆಟ್ಟೋಳು ನಾನು ತಾನೆ?"